ಹೊಲದಾಗ ಆಕಿ, ಉತಾರದಾಗ ಅವರು: ರೈತ ಮಹಿಳೆಯ ಹೆಸರು ದಾಖಲೆಗೆ ಬರೋದು ಯಾವಾಗ?

ವಿಶ್ವಸಂಸ್ಥೆ 2026ನೇ ಇಸವಿಯನ್ನು ಅಂತಾರಾಷ್ಟ್ರೀಯ ರೈತ ಮಹಿಳೆಯರ ವರ್ಷ ಎಂದು ಘೋಷಿಸಿದೆ. ವೇದಿಕೆ, ಶಾಲು, ಹಾರ, ಸನ್ಮಾನಕ್ಕೇನೂ ಕೊರತೆ ಆಗುವುದಿಲ್ಲ. ಆದರೆ ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ದಿನವಿಡೀ ಹೊಲದಲ್ಲಿ ದುಡಿಯುವ ಹೆಣ್ಣುಮಗಳನ್ನು ಸರ್ಕಾರದ ಕಂಪ್ಯೂಟರ್ ‘ರೈತ’ ಅಂತ ಒಪ್ಪುತ್ತದೆಯೇ?

ಉತ್ತರ ಬಹುಪಾಲು ಇಲ್ಲ. ಕಾರಣ ಆಕೆಯ ದುಡಿಮೆಯಲ್ಲಿಲ್ಲ, ಉತಾರದ 9ನೇ ಕಾಲಂನಲ್ಲಿದೆ. ಅಲ್ಲಿ ಆಕೆಯ ಹೆಸರಿಲ್ಲ.

ಕೆಲಸ ಯಾರದು, ಹೆಸರು ಯಾರದು?

ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ದುಡಿಯುವ ಪ್ರತಿ 100 ಹೆಣ್ಣುಮಕ್ಕಳಲ್ಲಿ ಸುಮಾರು 77 ಮಂದಿ ಇರುವುದು ಕೃಷಿಯಲ್ಲಿ. ಗಂಡಸರಲ್ಲಿ ಈ ಲೆಕ್ಕ 100ಕ್ಕೆ ಸುಮಾರು 49. ಗಂಡುಮಕ್ಕಳು ಹುಬ್ಬಳ್ಳಿಯ ಅಂಗಡಿ, ಬೆಂಗಳೂರಿನ ಕಟ್ಟಡ ಕೆಲಸ, ಆಟೊ, ಡ್ರೈವರ್ ಕೆಲಸ ಅಂತ ಹೊರಗೆ ಹೋದಷ್ಟೂ ಹೊಲಮನಿ ಜವಾಬ್ದಾರಿ ಹೆಂಗಸರ ಹೆಗಲಿಗೆ ಬರುತ್ತಿದೆ.

ಇನ್ನೊಂದು ಲೆಕ್ಕ ನೋಡಿ. 2015-16ರ ಕೃಷಿ ಗಣತಿಯಲ್ಲಿ ದೇಶದ ಒಟ್ಟು ಹಿಡುವಳಿಗಳಲ್ಲಿ ಮಹಿಳೆಯರು ನಡೆಸುವಂಥವು ಶೇ. 14ರಷ್ಟು ಮಾತ್ರ. ಜಮೀನಿನ ವಿಸ್ತೀರ್ಣ ಲೆಕ್ಕ ಹಾಕಿದರೆ ಅದೂ ಇಲ್ಲ, ಶೇ. 12ಕ್ಕಿಂತ ಕಡಿಮೆ. ಅಂದರೆ ಇದ್ದುದರಲ್ಲಿ ಸಣ್ಣ ತುಂಡುಗಳೇ ಅವರ ಪಾಲಿಗೆ.

ನಮ್ಮ ಭಾಗದ ಬೆಳೆಗಳನ್ನೇ ತೆಗೆದುಕೊಳ್ಳಿ. ಹೆಸರು ಬಿಡಿಸುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಶೇಂಗಾ ಹರಿಯುವುದು, ಉಳ್ಳಾಗಡ್ಡಿ ಕೊಯ್ಯುವುದು, ಎಲ್ಲದಕ್ಕೂ ಮೊದಲು ಕಳೆ ತೆಗೆಯುವುದು. ಬಗ್ಗಿ, ಕುಂತು, ಕೈಯಿಂದಲೇ ಮಾಡಬೇಕಾದ ಕೆಲಸ ಅಂದರೆ ಅದು ಹೆಣ್ಣಾಳಿನದು. ಟ್ರ್ಯಾಕ್ಟರ್, ಬಿತ್ತುವ ಕೂರಿಗೆ, ರಾಶಿ ಮಷಿನ್ ಬಂದವು. ಗಂಡಸರ ಕೆಲಸ ಹಗುರಾಯಿತು. ಕುರ್ಪಿ ಮಾತ್ರ ಹೆಂಗಸರ ಕೈ ಬಿಡಲಿಲ್ಲ.

ಸೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಉಡಿ ತುಂಬಿ, ಚರಗ ಚೆಲ್ಲಲು ಬುತ್ತಿ ಕಟ್ಟುವವಳು ಆಕೆ. ಬೆಳೆ ಸಾಲದ ಅರ್ಜಿಗೆ ಸಹಿ ಮಾಡುವಾಗ ಮಾತ್ರ ಆಕೆ ‘ರೈತನ ಹೆಂಡ್ತಿ’.

ಉತಾರ ಇಲ್ಲಾಂದ್ರ ಏನೇನು ತಪ್ಪತೈತಿ?

‘ಹೆಸರು ಯಾರದಿದ್ರೇನು, ಮನಿ ಒಂದೇ ಅಲ್ಲ?’ ಅನ್ನುವ ಮಾತು ಸಾಮಾನ್ಯ. ಮನೆಯಲ್ಲಿ ಎಲ್ಲ ಸರಿ ಇರುವತನಕ ಈ ಮಾತೂ ಸರಿ. ಆದರೆ ಇವತ್ತಿನ ವ್ಯವಸ್ಥೆಯಲ್ಲಿ ಕೃಷಿಗೆ ಸಂಬಂಧಿಸಿದ ಹೆಚ್ಚುಕಡಿಮೆ ಎಲ್ಲ ಸೌಲಭ್ಯದ ಬೀಗದ ಕೈ ಒಂದೇ, ಅದು ಎಫ್‌ಐಡಿ. ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಸಿಗುವ ಈ ನಂಬರು ಆಧಾರ್, ಬ್ಯಾಂಕ್ ಖಾತೆ ಮತ್ತು ಸರ್ವೆ ನಂಬರನ್ನು ಒಂದಕ್ಕೊಂದು ಜೋಡಿಸುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ಸಬ್ಸಿಡಿ, ಬೆಂಬಲ ಬೆಲೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಣಿ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಎಲ್ಲ ಕಡೆ ಮೊದಲು ಕೇಳುವುದು ಇದನ್ನೇ.

2023ರ ಬರ ನೆನಪಿರಬಹುದು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಪರಿಹಾರದ ದುಡ್ಡು ಫ್ರೂಟ್ಸ್‌ನಲ್ಲಿರುವ ಮಾಹಿತಿ ನೋಡಿ ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಉತಾರದಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ. ಗಂಡ ಊರು ಬಿಟ್ಟು ಬೇರೆ ಕಡೆ ಇದ್ದರೆ, ಕುಡಿತಕ್ಕೆ ಬಿದ್ದಿದ್ದರೆ, ಅಥವಾ ಉತಾರ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇದ್ದರೆ, ಬಿತ್ತಿ ಕಳಕೊಂಡ ಹೆಣ್ಣುಮಗಳ ಕೈಗೆ ಅದು ತಲುಪುವ ಖಾತ್ರಿ ಇಲ್ಲ.

ಮಹಿಳೆಯರಿಗೆ ಅಂತಲೇ ಇಟ್ಟ ಸೌಲಭ್ಯದ ಗತಿಯೂ ಹೆಚ್ಚುಕಡಿಮೆ ಇದೇ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಯಂತ್ರಕ್ಕೆ ಸಾಮಾನ್ಯ ರೈತರಿಗೆ ಶೇ. 40 ಸಬ್ಸಿಡಿ, ಮಹಿಳೆಯರು, ಸಣ್ಣ ರೈತರು, ಪರಿಶಿಷ್ಟರಿಗೆ ಶೇ. 50. ಕೇಳಲು ಚಂದ. ಆದರೆ ಅರ್ಜಿ ಹಾಕಲು ಬೇಕಾದ ಮೊದಲ ಕಾಗದವೇ ಆಕೆಯ ಹತ್ತಿರ ಇರುವುದಿಲ್ಲ.

ಹೈನುಗಾರಿಕೆಯಲ್ಲೂ ಅಷ್ಟೇ. ಎಮ್ಮೆಗೆ ಮೇವು ಹಾಕುವುದು, ಸಗಣಿ ಬಳಿಯುವುದು, ಹಾಲು ಹಿಂಡುವುದು ಆಕೆ. ಸಂಘದ ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ ಹಾಲಿನ ಬಿಲ್ಲೂ, ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅವನ ಖಾತೆಗೇ. ಮಹಿಳಾ ಹಾಲು ಉತ್ಪಾದಕರ ಸಂಘಗಳಿರುವ ಊರಲ್ಲಿ ಈ ತೊಡಕಿಲ್ಲ: ಹಾಲು ಹಾಕಿದವಳೇ ಸದಸ್ಯೆ, ದುಡ್ಡೂ ಅವಳಿಗೇ. ನಿಯಮವನ್ನು ಸ್ವಲ್ಪ ತಿರುಗಿಸಿದರೆ ದುಡ್ಡಿನ ದಾರಿ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಒಬ್ಬರಿಗೆ ಶೂನ್ಯ ಬಡ್ಡಿ, ಒಬ್ಬರಿಗೆ ವಾರದ ಕಂತು

ನಿಜವಾದ ಪೆಟ್ಟು ಬೀಳುವುದು ಸಾಲದಲ್ಲಿ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ, ಹೇಳಿದ ಸಮಯಕ್ಕೆ ತೀರಿಸಿದರೆ, ಬಡ್ಡಿಯೇ ಇಲ್ಲ. 2025ರ ಜನವರಿಯಿಂದ ಬ್ಯಾಂಕುಗಳು 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅಡಮಾನ ಬೇಡ ಅಂದಮಾತ್ರಕ್ಕೆ ಉತಾರ ಬೇಡ ಅಂತಲ್ಲ. ಬೆಳೆ ಸಾಲ ಎಷ್ಟು ಅನ್ನುವುದು ಎಷ್ಟು ಎಕರೆ, ಯಾವ ಬೆಳೆ ಅನ್ನುವುದರ ಮೇಲೆ ನಿಂತಿರುವುದರಿಂದ ಕಾಗದ ಬೇಕೇ ಬೇಕು.

ಉತಾರ ಇಲ್ಲದ ಹೆಣ್ಣುಮಗಳಿಗೆ ಬಾಗಿಲು ತೆರೆದಿರುವುದು ಎರಡು ಕಡೆ. ಒಂದು ಸ್ವಸಹಾಯ ಸಂಘ. ಜೀವನೋಪಾಯ ಮಿಷನ್ ಅಡಿ ಸಂಘಗಳಿಗೆ 3 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲ ಶೇ. 7ರ ಬಡ್ಡಿಗೆ ಸಿಗುತ್ತದೆ. ಆದರೆ ಅದು ಸಂಘಕ್ಕೆ. ಹತ್ತು ಹನ್ನೆರಡು ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಬೀಜ, ಗೊಬ್ಬರಕ್ಕೆ ಸಾಲುವಷ್ಟು. ಎರಡನೆಯದು ಮೈಕ್ರೋಫೈನಾನ್ಸ್. ಅಲ್ಲಿ ಉತಾರ ಕೇಳುವುದಿಲ್ಲ, ಬಡ್ಡಿ ಮಾತ್ರ ಶೇ. 20 ದಾಟುತ್ತದೆ.

ಸರಳ ಲೆಕ್ಕ ಮಾಡಿ. 50 ಸಾವಿರ ರೂಪಾಯಿ ಸಾಲ, ಶೇ. 24 ಬಡ್ಡಿ ಅಂತಿಟ್ಟುಕೊಳ್ಳಿ. ವರ್ಷವಿಡೀ ಅಸಲು ಬಾಕಿ ಉಳಿದರೆ ಬಡ್ಡಿ 12 ಸಾವಿರ. ವಾರದ ಕಂತಿನಲ್ಲಿ ತೀರಿಸುತ್ತಾ ಹೋದರೂ ಅದರ ಅರ್ಧದಷ್ಟು ಕಟ್ಟಲೇಬೇಕು. ಅದೇ ಹೊಲ, ಅದೇ ಬೀಜ, ಅದೇ ಮಳೆ. ಅರ್ಜಿ ಗಂಡನ ಹೆಸರಲ್ಲಿ ಹೋದರೆ ಬಡ್ಡಿ ಸೊನ್ನೆ.

ಬಡ್ಡಿಗಿಂತ ದೊಡ್ಡ ತೊಂದರೆ ಕಂತಿನದು. ಹೆಸರು ಕೈಗೆ ಬರಲು ಎರಡೂವರೆ ತಿಂಗಳಾದರೂ ಬೇಕು, ಹತ್ತಿ, ಮೆಣಸಿನಕಾಯಿಗೆ ಇನ್ನೂ ಹೆಚ್ಚು. ವಾರದ ಕಂತು ಮಾತ್ರ ಸಾಲ ತಂದ ಮರುವಾರದಿಂದಲೇ ಶುರು. ಆ ಕಂತು ಕಟ್ಟಲು ಆಕೆ ತನ್ನ ಹೊಲದ ಕಳೆ ಬಿಟ್ಟು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ, ಇಲ್ಲಾ ಇನ್ನೊಂದು ಕಂಪನಿಯಲ್ಲಿ ಸಾಲ ಎತ್ತುತ್ತಾಳೆ. ವಸೂಲಿ ಕಿರುಕುಳ ಮಿತಿಮೀರಿ 2025ರಲ್ಲಿ ರಾಜ್ಯ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತರಬೇಕಾಯಿತು. ಬಾಗಿಲಿಗೆ ಬಂದು ಬೈಯುವವರನ್ನು ಕಾಯ್ದೆ ತಡೆದೀತು. ಆದರೆ ಆಕೆ ಆ ಸಾಲಕ್ಕೆ ಯಾಕೆ ಹೋದಳು ಅನ್ನುವುದಕ್ಕೆ ಉತ್ತರ ಆ ಕಾಯ್ದೆಯಲ್ಲಿಲ್ಲ. ಅದು ಉತಾರದಲ್ಲಿದೆ.

ಕಾನೂನು ಯಾರ ಕಡೆ ಐತಿ?

ಕಾನೂನು ಆಕೆಯ ಕಡೆಗೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ ದೇಶಕ್ಕಿಂತ ಮೊದಲೇ ತಂದಿತ್ತು. ಅದು 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ ಆ ದಿನ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಇದ್ದನೋ ಇಲ್ಲವೋ ಅನ್ನುವುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಮುಗಿದ ಪಾಲು, ಮಾರಾಟಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಹೆಂಡತಿಯ ವಿಷಯ ಬೇರೆ. ಗಂಡ ಬದುಕಿರುವಾಗ ಅವನ ಜಮೀನಿನಲ್ಲಿ ಹಿಂದೂ ಹೆಂಡತಿಗೆ ತಾನಾಗೇ ಪಾಲು ಬರುವುದಿಲ್ಲ. ಗಂಡ ಮರಣಪತ್ರ ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಆಕೆ, ಮಕ್ಕಳು ಮತ್ತು ಗಂಡನ ತಾಯಿ ಸಮಾನ ಹಕ್ಕುದಾರರು. ಮುಸ್ಲಿಂ ಕುಟುಂಬಗಳಲ್ಲಿ ವೈಯಕ್ತಿಕ ಕಾನೂನಿನ ಲೆಕ್ಕ ಬೇರೆ ಇದೆ; ಅಲ್ಲೂ ಹೆಂಡತಿಗೆ, ಮಗಳಿಗೆ ಪಾಲಂತೂ ಉಂಟು.

ಅಂದರೆ ನಮ್ಮ ವ್ಯವಸ್ಥೆಯಲ್ಲಿ ಸೊಸೆಯಾಗಿ 30 ವರ್ಷ ದುಡಿದ ಹೊಲದಲ್ಲಿ ಆಕೆಗೆ ಹಕ್ಕಿಲ್ಲ. ಹಕ್ಕಿರುವ ತವರಿನ ಹೊಲದಲ್ಲಿ ಆಕೆ ದುಡಿಯುವುದಿಲ್ಲ. ಸಮಸ್ಯೆಯ ಗಂಟು ಇರುವುದು ಇಲ್ಲೇ.

ಮತ್ತ ಹೆಸರು ಯಾಕ ಬರವಲ್ದು?

ಮೊದಲ ಕಾರಣ ಹಕ್ಕು ಬಿಡುಗಡೆ ಪತ್ರ. ಅಪ್ಪ ತೀರಿದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಕ್ಕತಂಗಿಯರನ್ನು ಕರೆತಂದು ಸಹಿ ಮಾಡಿಸುವುದು ಇವತ್ತಿಗೂ ನಡೆಯುತ್ತಿದೆ. ‘ಮದಿವಿಗೆ ಖರ್ಚು ಮಾಡೇವಲ್ಲ’ ಅಂತ ಅಣ್ಣತಮ್ಮಂದಿರು ಅನ್ನುತ್ತಾರೆ. ‘ನಾಳೆ ಪಂಚಮಿಗೆ ಕರ್ಯಾಕ ಯಾರ ಬರ್ತಾರ’ ಅಂತ ಆಕೆಯೂ ಯೋಚಿಸುತ್ತಾಳೆ. ತವರಿನ ಬಾಗಿಲು ಮುಚ್ಚೀತು ಅನ್ನುವ ಭಯ ಎರಡು ಎಕರೆಗಿಂತ ದೊಡ್ಡದು. ಇದನ್ನು ಬರೀ ಅಜ್ಞಾನ ಅನ್ನುವುದು ತಪ್ಪು. ಕಷ್ಟ ಬಂದರೆ ಆಕೆಗೆ ಹೋಗಲು ಇರುವ ಜಾಗ ಅದೊಂದೇ.

ಎರಡನೆಯದು ಪೌತಿ ಖಾತೆ ಆಗದಿರುವುದು. ರಾಜ್ಯದಲ್ಲಿ ಲಕ್ಷಾಂತರ ಜಮೀನುಗಳು ಇನ್ನೂ ತೀರಿಹೋದವರ ಹೆಸರಿನಲ್ಲೇ ಇವೆ ಎಂಬುದು ಉತಾರಕ್ಕೆ ಆಧಾರ್ ಜೋಡಿಸಲು ಹೋದಾಗ ಇನ್ನಷ್ಟು ಸ್ಪಷ್ಟವಾಯಿತು. ಅಜ್ಜನ ಹೆಸರಿನಲ್ಲಿರುವ ಉತಾರದಿಂದ ಮೊಮ್ಮಗನಿಗೇ ಸಾಲ ಸಿಗುವುದಿಲ್ಲ, ಇನ್ನು ಮೊಮ್ಮಗನ ವಿಧವೆಗೆ ಎಲ್ಲಿಂದ? ರೈತ ಆತ್ಮಹತ್ಯೆ ನಡೆದ ಮನೆಗಳಲ್ಲಿ ಈ ಸಂಕಟ ಇನ್ನೂ ಕಠಿಣ. ಸರ್ಕಾರದ 5 ಲಕ್ಷ ರೂಪಾಯಿ ಪರಿಹಾರ ಬಂದರೂ ಉತಾರ, ಸಾಲದ ಕಾಗದ, ಸತ್ತವರ ಹೆಸರು ಎಲ್ಲ ತಾಳೆ ಆಗಬೇಕು.

ಮೂರನೆಯದು ಉತಾರದ 11ನೇ ಕಾಲಂನ ಬೋಜಾ. ಹಳೆಯ ಸಾಲ ತೀರದೆ ಉಳಿದಿದ್ದರೆ ಪಾಲು, ದಾನಪತ್ರ ಮಾಡಿಸಲು ಬ್ಯಾಂಕಿನ ತಕರಾರು ಎದುರಾಗುತ್ತದೆ. ‘ಸಾಲ ತೀರಲಿ, ಆಮ್ಯಾಲೆ ನೋಡೂಣು’ ಅಂತ ಮುಂದಕ್ಕೆ ಹೋದದ್ದು ಮುಂದಕ್ಕೇ ಹೋಗುತ್ತದೆ.

ಹೆಸರು ಸೇರಿಸಿದರೆ ಹೊಲ ತುಂಡಾಗುತ್ತದೆ ಅನ್ನುವ ಅಂಜಿಕೆಯೂ ಇದೆ. ಗಂಡ ಹೆಂಡತಿ ಹೆಸರಲ್ಲಿ ಜಂಟಿ ಖಾತೆ ಮಾಡಿದರೆ ಬದು ಹಾಕಬೇಕಿಲ್ಲ. ಉಳುಮೆ ಒಂದೇ ಇರುತ್ತದೆ. ಬದಲಾಗುವುದು ಒಂದೇ ಸಂಗತಿ: ಆಕೆಯ ಸಹಿ ಇಲ್ಲದೆ ಆಕೆಯ ಪಾಲನ್ನು ಮಾರಲು ಬರುವುದಿಲ್ಲ.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಹೆಂಡತಿ ಹೆಸರು ಸೇರಿಸಿದರೆ ಪಿಎಂ-ಕಿಸಾನ್ ದುಡ್ಡು ಡಬಲ್ ಆಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಆ ಯೋಜನೆಯಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ. ವರ್ಷಕ್ಕೆ ಒಂದೇ 6 ಸಾವಿರ. ಹೆಸರು ಬೇಕಿರುವುದು ಈ ಕಂತಿಗಲ್ಲ. ಸಾಲ, ವಿಮೆ, ಪರಿಹಾರಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ನಾಳೆ ಗಂಡ ಇಲ್ಲದಾಗ ನಿಲ್ಲುವ ನೆಲಕ್ಕೆ.

ತೀರ್ಥ ಗ್ರಾಮ ತೋರಿಸಿದ ದಾರಿ

ಕಾಗದ ಸರಿಹೋಗುವತನಕ ಕೈಕಟ್ಟಿ ಕೂರಬೇಕಿಲ್ಲ ಅನ್ನುವುದಕ್ಕೆ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. 2018ರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿದ ಸಂಘವಿದು. ಸಾವಿ, ನವಣಿಯಂಥ ಸಿರಿಧಾನ್ಯ, ಅಕ್ಕಡಿ ಪದ್ಧತಿ, ದೇಸಿ ಬೀಜ ಬ್ಯಾಂಕ್, ಆಮೇಲೆ ಸಿರಿಧಾನ್ಯ ಸಂಸ್ಕರಣೆ ಘಟಕ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಸಹಜ ಸಮೃದ್ಧ, ಸೆಲ್ಕೋ ಫೌಂಡೇಶನ್‌ನಂಥ ಸಂಸ್ಥೆಗಳು ಕೈಜೋಡಿಸಿದವು.

ಪ್ರಶಸ್ತಿಗಿಂತ ಮುಖ್ಯವಾದುದು ಇಲ್ಲಿನ ಆರ್ಥಿಕ ಪಾಠ. ಹೆಣ್ಣುಮಕ್ಕಳು ಮೂರು ಕಡೆ ಹಿಡಿತ ಸಾಧಿಸಿದರು. ಬೀಜ ಅವರ ಹತ್ತಿರವೇ ಇರುವುದರಿಂದ ಬಿತ್ತನೆಯ ಹೊತ್ತಿಗೆ ಬೀಜಕ್ಕೆ ಸಾಲ ಬೇಕಿಲ್ಲ. ಸಂಸ್ಕರಣೆ ಊರಲ್ಲೇ ಆಗುವುದರಿಂದ ಕಾಳಾಗಿ ಹೋಗಬೇಕಿದ್ದ ಧಾನ್ಯ ಅಕ್ಕಿಯಾಗಿ, ರವೆಯಾಗಿ ಮಾರಾಟಕ್ಕೆ ಹೋಗುತ್ತದೆ. ಮಾರಾಟ ಸಂಘದ ಹೆಸರಿನಲ್ಲಿ ಆಗುವುದರಿಂದ ದುಡ್ಡು ಅವರ ಖಾತೆಗೇ ಬರುತ್ತದೆ. ಉತಾರ ಯಾರ ಹೆಸರಲ್ಲೇ ಇರಲಿ, ಈ ಮೂರನ್ನೂ ಯಾರೂ ಕಿತ್ತುಕೊಳ್ಳಲಾಗದು.

ಲಾವಣಿ ಹೊಲದ ಪಾಡು

ಹೊಲವೇ ಇಲ್ಲದ ಹೆಣ್ಣುಮಕ್ಕಳ ಸಂಘ ನಾಲ್ಕೆಕರೆ ಲಾವಣಿಗೆ ಹಿಡಿದು ಉಳ್ಳಾಗಡ್ಡಿ ಹಚ್ಚುತ್ತೇವೆ ಅಂದರೆ? ಕೇರಳದಲ್ಲಿ ಕುಟುಂಬಶ್ರೀ ಗುಂಪುಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿವೆ. ಕರ್ನಾಟಕದಲ್ಲಿ ಮಾತ್ರ 1974ರ ಭೂಸುಧಾರಣೆ ತಿದ್ದುಪಡಿಯಿಂದ ಕೃಷಿ ಜಮೀನಿನ ಗೇಣಿಗೇ ನಿಷೇಧ. ಅಂದಿನ ಗೇಣಿದಾರರಿಗೆ ಅದು ವರವಾಯಿತು. ಇಂದು ಲಾವಣಿ ಎಲ್ಲ ಊರಲ್ಲೂ ಬಾಯಿಮಾತಿನ ಮೇಲೆ ನಡೆಯುತ್ತದೆ, ಕಾಗದದ ಮೇಲೆ ಇಲ್ಲ. ಹೀಗಾಗಿ ಬಿತ್ತಿದವರಿಗೆ ವಿಮೆ ಇಲ್ಲ, ಪರಿಹಾರ ಇಲ್ಲ. ಬೆಳೆ ಹಾಳಾದರೂ ಲಾವಣಿ ದುಡ್ಡು ಕೊಡಬೇಕು.

2007ರ ರಾಷ್ಟ್ರೀಯ ರೈತ ನೀತಿ ಗೇಣಿದಾರರು, ಕೂಲಿಕಾರರನ್ನೂ ರೈತರ ಅರ್ಥದೊಳಗೆ ಸೇರಿಸಿತ್ತು. ಎಂ.ಎಸ್. ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಮಂಡಿಸಿದ ರೈತ ಮಹಿಳೆಯರ ಹಕ್ಕುಗಳ ಖಾಸಗಿ ಮಸೂದೆ ಒಂದು ಹೆಜ್ಜೆ ಮುಂದೆ ಹೋಗಿ, ಜಮೀನಿರಲಿ ಇಲ್ಲದಿರಲಿ, ಕೃಷಿ ಮಾಡುವ ಮಹಿಳೆಗೆ ಗ್ರಾಮಸಭೆಯ ಒಪ್ಪಿಗೆಯೊಂದಿಗೆ ಪ್ರಮಾಣಪತ್ರ ಕೊಡಬೇಕು ಎಂದಿತ್ತು. ಅದು ಪಾಸಾಗದೆ ಬಿದ್ದುಹೋಯಿತು. ಈ ವರ್ಷ ಸನ್ಮಾನಕ್ಕಿಂತ ಮೊದಲು ತೆಗೆಯಬೇಕಾದ ಕಡತ ಅದು.

ಬಜಾರಿಗೂ ಸಂಬಂಧ ಐತಿ

ಇದು ಹಳ್ಳಿಯ ಹೆಂಗಸರ ವಿಷಯ, ನಮಗೇನು ಅಂತ ಬಜಾರದವರು ಅಂದುಕೊಳ್ಳುವಂತಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2 ಸಾವಿರ ರೂಪಾಯಿ ಹೆಂಗಸರ ಖಾತೆಗೆ ಬರಲು ಶುರುವಾದಾಗ ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಯವರಿಗೆ ಅದರ ಅರಿವಾಗಿದೆ. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆ ಮಾಡಿತು. ಗೃಹಲಕ್ಷ್ಮಿ ಅದರ ಮೇಲೆ ನಿಂತಿತು. ಸರ್ಕಾರ ಮನಸ್ಸು ಮಾಡಿದರೆ ಹೆಸರು ಬದಲಾಗುತ್ತದೆ.

ಬೀಜ, ಗೊಬ್ಬರದ ಅಂಗಡಿಯವರು ಇಂದಿನಿಂದಲೇ ಮಾಡಬಹುದಾದ ಕೆಲಸವಿದೆ. ಕೊಳ್ಳಲು ಬಂದವಳು ಹೆಣ್ಣುಮಗಳಾದರೆ ಬಿಲ್ ಆಕೆಯ ಹೆಸರಿಗೇ ಬರೆಯಿರಿ. ಔಷಧ ಎಷ್ಟು ಲೀಟರ್ ನೀರಿಗೆ ಎಷ್ಟು ಅನ್ನುವುದನ್ನು ಆಕೆಗೇ ಹೇಳಿ, ‘ಮನ್ಯಾಗ ಗಂಡಸರನ್ನ ಕಳಸ್ರಿ’ ಅನ್ನಬೇಡಿ. 16 ಲೀಟರಿನ ಪಂಪು ಬೆನ್ನಿಗೆ ಏರಿಸಿದರೆ ನೀರೇ 16 ಕಿಲೋ. ಹಗುರ ಪಂಪು, ಗಾಲಿ ಎಡೆಕುಂಟಿ ಅಂಗಡಿಯಲ್ಲಿಟ್ಟರೆ ಗಿರಾಕಿ ಇದ್ದಾರೆ. ಮಾಲು ತಂದವಳ ಹೆಸರಿಗೇ ಪಟ್ಟಿ ಮಾಡುವುದು ದಲಾಲಿ ಅಂಗಡಿಯವರ ಪಾಲಿನ ಕೆಲಸ.

ಕೂಲಿಯ ಮಾತೂ ಹೀಗೇ. ನರೇಗಾದಲ್ಲಿ 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು, ಗಂಡು ಹೆಣ್ಣು ಭೇದವಿಲ್ಲದೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲೇ. ಹೊಲದಲ್ಲಿ ಮಾತ್ರ ‘ಗಂಡಾಳು ರೇಟು, ಹೆಣ್ಣಾಳು ರೇಟು’ ಇನ್ನೂ ಬೇರೆ ಬೇರೆ.

ಈಗ ಮಾಡಬಹುದಾದದ್ದೇನು?

• ಉತಾರ ತೀರಿಹೋದವರ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲವಷ್ಟೇ ಅಂತ ಖುದ್ದು ನೋಡಿ.

• ಗಂಡ ಬದುಕಿರುವಾಗಲೇ ಹೆಸರು ಸೇರಿಸಬೇಕೆಂದರೆ ನೋಂದಾಯಿತ ದಾನಪತ್ರ ಅಥವಾ ವಿಭಾಗಪತ್ರ ದಾರಿ. ಹೆಂಡತಿ, ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ ಲೆಕ್ಕವಿಲ್ಲ, ನಿಗದಿತ ಮುದ್ರಾಂಕ ಶುಲ್ಕ ಸಾಕು.

• ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು ಓದಿಸಿ ಕೇಳಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ, ಅದಕ್ಕೆ ಆದಾಯದ ಮಿತಿ ಇಲ್ಲ.

• ಜಂಟಿ ಖಾತೆಯಲ್ಲಿ ಹೆಸರಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ತಮ್ಮದೇ ಎಫ್‌ಐಡಿ ಮಾಡಿಸಿಕೊಳ್ಳಿ.

• ಭೂಮಿ ಇಲ್ಲದ ಪರಿಶಿಷ್ಟ ಜಾತಿಯ ಕೃಷಿ ಕೂಲಿ ಮಹಿಳೆಯರಿಗೆ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ. ಹೊಲ ನೇರವಾಗಿ ಆಕೆಯ ಹೆಸರಿಗೇ ನೋಂದಣಿ.

• ಹಾಲಿನ ಸಂಘದಲ್ಲಿ ಹಾಲು ಹಾಕುವವರ ಹೆಸರಿಗೇ ಸದಸ್ಯತ್ವ ಮಾಡಿಸಿ.

ಆಡಳಿತದಿಂದ ಕೇಳಬೇಕಾದದ್ದೂ ಸರಳ. ಪೌತಿ ಖಾತೆ ಮಾಡುವಾಗ ವಿಧವೆ, ಹೆಣ್ಣುಮಕ್ಕಳ ಹೆಸರು ಕೈಬಿಟ್ಟ ಅರ್ಜಿಗಳನ್ನು ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ಖಾತ್ರಿ ಮಾಡಿಕೊಳ್ಳಲಿ. ತಾಲ್ಲೂಕಿನಲ್ಲಿ ಎಷ್ಟು ಎಫ್‌ಐಡಿ ಮಹಿಳೆಯರದು, ಬೆಳೆ ಸಾಲ, ಪರಿಹಾರ ಪಡೆದವರಲ್ಲಿ ಮಹಿಳೆಯರೆಷ್ಟು ಅನ್ನುವ ಪಟ್ಟಿ ಪ್ರತಿ ವರ್ಷ ಪಂಚಾಯ್ತಿ ಬೋರ್ಡಿನ ಮೇಲೆ ಬರಲಿ. ಲೆಕ್ಕ ಕಣ್ಣಿಗೆ ಕಂಡರೆ ಕೇಳುವವರೂ ಹುಟ್ಟಿಕೊಳ್ಳುತ್ತಾರೆ.

ರೈತ ಮಹಿಳೆಯರ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅವತ್ತು ಎಷ್ಟು ಸಮಾವೇಶ ನಡೆದವು ಅಂತ ಎಣಿಸುವುದಕ್ಕಿಂತ, ತಾಲ್ಲೂಕಿನ ಎಷ್ಟು ಉತಾರದ 9ನೇ ಕಾಲಂನಲ್ಲಿ ಹೊಸದಾಗಿ ಹೆಣ್ಣುಮಕ್ಕಳ ಹೆಸರು ಬಂತು ಅಂತ ಎಣಿಸಿದರೆ ಸಾಕು.